ರೇಡಿಯೋ ಹಿಡಿದ ಸೋರಿಕೆ

ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೊಂದಿದೆ. ಆದರೆ ಸಂಬಳದ ಚೀಟಿಯನ್ನು ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಶಾಲೆಯಲ್ಲಿದ್ದಾಗ ಗಣಿತದ ಮೇಡಂ ಒಮ್ಮೆ, "ಇವಳಿಗೆ ಬೆಳಿಗ್ಗೆ ಒಂದು ಮಾತು ಹೇಳಿದ್ರೆ ಮಧ್ಯಾಹ್ನದೊಳಗೆ ಇಡೀ ಸ್ಕೂಲಿಗೆ ಗೊತ್ತಾಗಿರುತ್ತೆ. ಇವಳೇನು ರೇಡಿಯೋನಾ?" ಎಂದು ಕೇಳಿದ್ದರು. ಅಂದು ಅಂಟಿಕೊಂಡ ಹೆಸರು ಇಂದಿಗೂ ಬಿಟ್ಟಿಲ್ಲ. ನಾಲ್ಕು ಜನರ ಮುಂದೆ ಹೆಂಡತಿಗೆ ಸ್ವಲ್ಪ ಮರ್ಯಾದೆ ಕೊಡೋಣವೆನಿಸಿದಾಗ ಗಂಡ ಕೂಡ "ನಮ್ಮ ರೇಡಿಯೋ" ಎನ್ನುತ್ತಾನೆ. ಅವನ ಪ್ರಕಾರ ಅದೇ ಮರ್ಯಾದೆ.

ಅನ್ಯಾಯದ ಹೆಸರೇನೂ ಅಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಚಾಡಿ ಹೇಳುವವಳಲ್ಲ, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಅವಳಿಗೆ ಗೊತ್ತೇ ಇಲ್ಲ. ಖುಷಿಯಾದರೆ ಹಂಚಬೇಕು, ಹಂಚದಿದ್ದರೆ ಊಟ ಸೇರುವುದಿಲ್ಲ, ಅಷ್ಟೇ. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೂ ನಾಲ್ಕನೇ ಮಹಡಿ ಬರುವಷ್ಟರಲ್ಲಿ ಅವಳ ಮನೆಯ ಅರ್ಧ ಸಮಾಚಾರ ಗೊತ್ತಾಗಿರುತ್ತದೆ.

ಅವಳ ಕೆಲಸ ಊರಿಗೆ ಇಂಟರ್‌ನೆಟ್ ಒದಗಿಸುವ ಒಂದು ಕಚೇರಿಯಲ್ಲಿ. ಉದ್ದನೆಯ ಹಜಾರ, ಹಜಾರದ ತುದಿಯಲ್ಲಿ ಗಾಜಿನ ಬಾಗಿಲಿನ ತಣ್ಣನೆಯ ಕೋಣೆ, ಅದರೊಳಗೆ ಗುಂಯ್‌ಗುಡುವ ಯಂತ್ರಗಳು. ಅವುಗಳಲ್ಲಿ ನೇಮ್ ಸರ್ವರ್ ಎಂಬುದನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬಂದದ್ದು. ಅದು ಮಾಡುವ ಕೆಲಸ ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ನಾವು ಫೋನಿನಲ್ಲಿ ಒಂದು ಹೆಸರು ಒತ್ತುತ್ತೇವೆ, ಬ್ಯಾಂಕಿನದೋ ಆಸ್ಪತ್ರೆಯದೋ. ಯಂತ್ರಗಳಿಗೆ ಹೆಸರು ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಈ ಹೆಸರಿನವರ ನಂಬರ್ ಯಾವುದೆಂದು ಲೋಕವನ್ನೆಲ್ಲ ವಿಚಾರಿಸಿ, ಕಣ್ಣು ಮಿಟುಕಿಸುವುದರೊಳಗೆ ಹೇಳುವುದು ನೇಮ್ ಸರ್ವರ್. ಅದು ಬಿದ್ದುಹೋದರೆ ತಂತಿಗಳೆಲ್ಲ ಗಟ್ಟಿಯಾಗಿದ್ದರೂ ಊರಿಗೆ ಇಂಟರ್‌ನೆಟ್ ಇಲ್ಲದ ಹಾಗೆಯೇ. ಯಾರ ಮನೆ ಎಲ್ಲಿದೆಯೆಂದು ಹೇಳುವವರೇ ಇಲ್ಲದ ಮೇಲೆ ರಸ್ತೆಯಿದ್ದು ಏನು ಮಾಡುವುದು? ಎಲ್ಲರಿಗೂ ಎಲ್ಲರ ವಿಷಯ ಹೇಳುವ ಯಂತ್ರಕ್ಕೆ ರೇಡಿಯೋಗಿಂತ ಒಳ್ಳೆಯ ಜೋಡಿ ಎಲ್ಲಿ ಸಿಕ್ಕೀತು ಎಂದು ಕಚೇರಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ಹೆಸರಿಗೆ ನಗದಿದ್ದವಳು, ಆ ಹೆಸರಿನಿಂದ ಅವಳನ್ನು ಕರೆಯುವುದನ್ನೇ ಬಿಟ್ಟವಳು ಅಕ್ಕ ಒಬ್ಬಳೇ.

ಅಕ್ಕ ಪಕ್ಕದ ಬೀದಿಯಲ್ಲೇ ಇರುವವಳು, ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಎಲ್ಲರೂ ಕೇಳುವುದನ್ನೇ ಬಿಟ್ಟ ಮೇಲೆ, ಅಕ್ಕನಿಗೆ ಗರ್ಭ ನಿಂತಿತ್ತು. ಅದನ್ನು ಅವಳು ಹೇಳಿದ್ದು ತಂಗಿಗೆ ಮಾತ್ರ. "ಈಗಲೇ ಯಾರಿಗೂ ಬೇಡ ಕಣೇ, ಸ್ವಲ್ಪ ದಿನ ಹೋಗ್ಲಿ" ಎಂದು ಕೈ ಹಿಡಿದು ಹೇಳಿದ್ದಳು. ರೇಡಿಯೋ ಎರಡು ದಿನ ತಡೆದಳು. ಮೂರನೆಯ ದಿನ ಅಮ್ಮನಿಗೆ ಹೇಳಿದಳು, ಆಮೇಲೆ ಅತ್ತೆಗೆ, ಆಮೇಲೆ ಯಾರು ಯಾರಿಗೆ ಎಂದು ಅವಳಿಗೇ ನೆನಪಿಲ್ಲ. ವಾರ ಕಳೆಯುವುದರೊಳಗೆ ಅಕ್ಕನ ಮನೆಯಲ್ಲಿ ಹಾರೈಸುವವರ ಸಾಲು. ತಿಂಗಳು ಕಳೆಯುವುದರೊಳಗೆ ಆ ಗರ್ಭ ಉಳಿಯಲಿಲ್ಲ. ಹಾರೈಸಲು ಬಂದವರೆಲ್ಲ ಮತ್ತೊಮ್ಮೆ ಬಂದರು, ಸಮಾಧಾನ ಹೇಳಲು. ಒಬ್ಬೊಬ್ಬರಿಗೂ ಅಕ್ಕ ಬಾಗಿಲು ತೆಗೆದು, ಕುರ್ಚಿ ಹಾಕಿ, ಏನಾಯಿತೆಂದು ಮೊದಲಿನಿಂದ ಹೇಳಬೇಕಾಯಿತು.

ಅಕ್ಕ ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬರುವುದು ಹೋಗುವುದು ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಆದರೆ ಅಂದಿನಿಂದ ಅಕ್ಕ ತಂಗಿಯ ಜೊತೆ ಆಡುವುದು ತರಕಾರಿಯ ಮಾತು, ಸೆಕೆಯ ಮಾತು, ಬಸ್ಸು ತಡವಾದ ಮಾತು. ಬೀದಿಯಲ್ಲಿ ನಿಂತು ಯಾರೊಡನೆ ಬೇಕಾದರೂ ಆಡಬಹುದಾದ ಮಾತು. ತನ್ನ ಮನಸ್ಸಿನದೊಂದನ್ನೂ ಹೇಳುವುದಿಲ್ಲ, ತಂಗಿಯದೇನನ್ನೂ ಕೇಳುವುದಿಲ್ಲ. ಊರಿಗೆಲ್ಲ ಮಾತು ಹಂಚುವ ರೇಡಿಯೋಗೆ ಬೇಕಾಗಿದ್ದದ್ದು ಒಂದೇ ಒಂದು: ಅಕ್ಕ ಮತ್ತೆ ಒಂದು ಸಲ "ನಿಂಗೊಂದು ವಿಷ್ಯ ಹೇಳ್ಬೇಕು ಕಣೇ" ಎನ್ನಬೇಕು. ಅದು ಹೇಗೆ ಆದೀತೆಂದು ಅವಳಿಗೆ ತೋಚಿರಲಿಲ್ಲ.

ಇಷ್ಟು ಹಿನ್ನೆಲೆ ಸಾಕು. ಈಗ ಸರ್ವರಿನ ವಿಷಯಕ್ಕೆ ಬರೋಣ.

ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಶನಿವಾರ ಮಧ್ಯಾಹ್ನ ನೇಮ್ ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡುವುದು. ಅದಕ್ಕೆ "ವಾರದ ಸ್ನಾನ" ಎಂದು ಹೆಸರು. ಯಾಕೆ ಮಾಡುತ್ತೇವೆಂದು ಕೇಳಿದರೆ ಮೊದಲಿನಿಂದಲೂ ಹಾಗೇ ಎನ್ನುತ್ತಿದ್ದರು. ಸ್ನಾನ ಮಾಡಿಸಿದ ಮೇಲೆ ಸರ್ವರ್ ಹಗುರಾಗಿ, ಚುರುಕಾಗಿ ಓಡಾಡಿಕೊಂಡಿರುತ್ತಿತ್ತು. ಶುಕ್ರವಾರದ ಹೊತ್ತಿಗೆ ಸ್ವಲ್ಪ ಮಂಕಾಗುತ್ತಿತ್ತು, ಶನಿವಾರ ಮತ್ತೆ ಸ್ನಾನ. ಎಲ್ಲರಿಗೂ ಸಮಾಧಾನವಾಗಿತ್ತು.

ಹೀಗಿರುವಾಗ ಒಂದು ಬುಧವಾರ, ಸ್ನಾನದ ದಿನ ಇನ್ನೂ ದೂರವಿರುವಾಗಲೇ, ಸರ್ವರ್ ದೊಪ್ಪನೆ ಬಿತ್ತು. ಎಬ್ಬಿಸಿದರು. ಶುಕ್ರವಾರ ಮತ್ತೆ ಬಿತ್ತು. ಮುಂದಿನ ವಾರ ದಿನಕ್ಕೊಂದು ಸಲ ಬೀಳತೊಡಗಿತು. ಪ್ರತಿ ಸಲವೂ ಸಹಾಯವಾಣಿಯ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಆಸ್ಪತ್ರೆಯಲ್ಲಿ ಲ್ಯಾಬಿನ ವರದಿಗಳು ವಾರ್ಡಿನ ಕಂಪ್ಯೂಟರಿಗೆ ಹೋಗದೆ, ಅಕ್ಕ ಮತ್ತು ಅವಳ ಜೊತೆಯವರು ಕಾಗದ ಹಿಡಿದು ಮೆಟ್ಟಿಲು ಹತ್ತಿ ಇಳಿದು ಸುಸ್ತಾಗುತ್ತಿದ್ದರು. ಅಕ್ಕ ತರಕಾರಿಯ ಮಾತಿನ ನಡುವೆ, "ನಿಮ್ಮ ಆಫೀಸಿನವರು ನಮ್ಮ ಕಾಲು ಮುರೀತಿದ್ದಾರೆ" ಎಂದಷ್ಟೇ ಅಂದಳು.

ರೇಡಿಯೋ ತಲೆ ಕೆಡಿಸಿಕೊಂಡು ಕೂತಳು. ಯಂತ್ರದ ಮೆಮೊರಿಯ ಲೆಕ್ಕ ತೋರಿಸುವ ಗೆರೆಯೊಂದು ತೆರೆಯ ಮೇಲೆ ಇರುತ್ತದೆ. ಸರ್ವರ್ ಒಂದೊಂದು ಪ್ರಶ್ನೆ ಬಂದಾಗಲೂ ಒಂದಿಷ್ಟು ಮೆಮೊರಿ ತೆಗೆದುಕೊಂಡು ಕೆಲಸ ಮಾಡಿ, ಮುಗಿದ ಮೇಲೆ ವಾಪಸ್ ಕೊಡಬೇಕು. ಹಾಗಾಗಿ ಗೆರೆ ಏರಿ ಇಳಿಯುತ್ತಿರಬೇಕು. ಇಲ್ಲಿ ಏರುವುದೇ ಕಂಡಿತು, ಇಳಿಯುವುದು ಕಾಣಲಿಲ್ಲ. ಎಲ್ಲೋ ತೆಗೆದುಕೊಂಡದ್ದು ವಾಪಸ್ ಬರುತ್ತಿಲ್ಲ. ಇದಕ್ಕೆ ಮೆಮೊರಿ ಸೋರಿಕೆ ಎನ್ನುತ್ತಾರೆ. ವಾರದ ಸ್ನಾನ ಇಷ್ಟು ವರ್ಷ ಮುಚ್ಚಿಟ್ಟಿದ್ದದ್ದು ಈ ಸೋರಿಕೆಯನ್ನೇ! ಸೋರಿಕೆಯೆಂದು ಗೊತ್ತಾದ ಕೂಡಲೇ ಅವಳು ಏನು ಮಾಡಿದಳೆಂದು ಹೇಳಬೇಕಾಗಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, "ಗೊತ್ತಾಯ್ತು ಕಣ್ರೀ, ಸರ್ವರ್ ಸೋರ್ತಾ ಇದೆ!" ಎಂದು ಹೇಳಿದಳು.

ಅರ್ಧ ಗಂಟೆಯಲ್ಲಿ ಗೇಟಿನ ಸೆಕ್ಯೂರಿಟಿ ಅಣ್ಣ ಒಂದು ಬಕೆಟ್, ನೆಲ ಒರೆಸುವ ಕೋಲು ಹಿಡಿದು ಮೇಲೆ ಬಂದ. ಅವನ ಹಿಂದೆಯೇ ಏಸಿ ರಿಪೇರಿಯವನು ಏಣಿ ಹೊತ್ತು ಬಂದ. ಅವನ ಹಿಂದೆ ಮ್ಯಾನೇಜರ್, ಕನ್ನಡಕ ಹಣೆಗೇರಿಸಿಕೊಂಡು.

"ಎಲ್ಲಮ್ಮಾ ಸೋರ್ತಿರೋದು? ಕರೆಂಟ್ ತೆಗೆಸ್ಲಾ?"

"ನೀರಲ್ಲ ಸರ್, ಮೆಮೊರಿ!"

"ಮೆಮೊರಿ ಹೇಗಮ್ಮಾ ಸೋರುತ್ತೆ?"

"ಸೋರಲ್ಲ ಸರ್. ಸೋರಿಕೆ ಅಂತ ಹೆಸರು ಅಷ್ಟೇ."

"ಸೋರಲ್ಲ ಅಂದ ಮೇಲೆ ಸೋರಿಕೆ ಅಂತ ಯಾಕೆ ಊರೆಲ್ಲ ಸಾರಿದೆ?" ಎಂದು ಮ್ಯಾನೇಜರ್ ಕನ್ನಡಕ ಇಳಿಸಿಕೊಂಡು ಹೊರಟರು. ಸೆಕ್ಯೂರಿಟಿ ಅಣ್ಣ ಮಾತ್ರ, ಯಾವುದಕ್ಕೂ ಇರಲಿ ಎಂದು ಬಕೆಟನ್ನು ಗಾಜಿನ ಬಾಗಿಲ ಒಳಪಕ್ಕದಲ್ಲೇ ಬಿಟ್ಟುಹೋದ.

ನಗುವವರು ನಕ್ಕರು. ಅವಳು ಹುಡುಕಿದಳು. ಯಾರು ಹೆಚ್ಚು ಮೆಮೊರಿ ತಿನ್ನುತ್ತಿದ್ದಾರೆಂದು ನೋಡಿದಳು: ಹೆಚ್ಚು ಪ್ರಶ್ನೆ ಕೇಳುವ ಕಾಲೇಜು, ದೊಡ್ಡ ದೊಡ್ಡ ಉತ್ತರ ಪಡೆಯುವ ಬ್ಯಾಂಕು. ಎಲ್ಲರ ಲೆಕ್ಕವೂ ಚುಕ್ತಾ. ತೆಗೆದುಕೊಂಡವರೆಲ್ಲ ವಾಪಸ್ ಕೊಟ್ಟಿದ್ದಾರೆ, ಆದರೂ ಮೆಮೊರಿ ಖಾಲಿ. ಎಲ್ಲಿ ಹೋಯಿತೆಂದು ತಿಳಿಯದೆ ತಲೆ ಚಿಟ್ಟುಹಿಡಿದು, ಸರ್ವರ್ ಮತ್ತೆ ಬಿದ್ದು ಎದ್ದ ಒಂದು ಮಧ್ಯಾಹ್ನ ಊಟಕ್ಕೆಂದು ಕೆಳಗಿಳಿದಳು.

ಕ್ಯಾಂಟೀನಿನಲ್ಲಿ ಗಲಾಟೆ. ಅಲ್ಲಿ ಊಟಕ್ಕೆ ನಿಂತವರ ಮುಂದೆ ಕ್ಯಾಂಟೀನಿನ ಯಜಮಾನ ಒಂದು ಖಾಲಿ ತಟ್ಟೆ ಇಡುತ್ತಾನೆ, ಅವರು ಕಾರ್ಡ್ ತೋರಿಸಬೇಕು, ಯಂತ್ರ ಪೀಂ ಎಂದರೆ ಬಡಿಸುತ್ತಾನೆ. ಅಂದು ಸರ್ವರ್ ಬಿದ್ದಿದ್ದ ಹೊತ್ತಿನಲ್ಲಿ ಕಾರ್ಡಿನ ಯಂತ್ರವೂ ದಿಕ್ಕು ತಪ್ಪಿ, ಕಂಡಕಂಡ ಕಾರ್ಡುಗಳನ್ನು ಬೇಡವೆಂದು ದೂಡಿತ್ತು. ಜನ ಗೊಣಗುತ್ತ ಹೊರಗಿನ ಅಂಗಡಿಗೆ ಹೋಗಿದ್ದರು. ಈಗ ಯಂತ್ರ ಸರಿಹೋಗಿತ್ತು, ಅನ್ನ ಹಬೆಯಾಡುತ್ತಿತ್ತು, ಮೇಜುಗಳು ಅರ್ಧಕ್ಕರ್ಧ ಖಾಲಿಯಿದ್ದವು, ಆದರೆ ಊಟ ಕೊಡುವಂತಿರಲಿಲ್ಲ.

"ತಟ್ಟೆ ಖಾಲಿ!" ಎಂದು ಯಜಮಾನ ಕೈ ಎತ್ತಿ ಕೂಗುತ್ತಿದ್ದ.

"ಊಟ ಮಾಡ್ತಿರೋರು ಇಷ್ಟೇ ಜನ. ತಟ್ಟೆ ಎಲ್ಲಿ ಹೋಯ್ತಣ್ಣ?" ಎಂದು ರೇಡಿಯೋ ಕೇಳಿದಳು.

"ನನ್ನ ಕೇಳ್ತೀರಲ್ಲ ಮೇಡಂ! ಊಟ ಮಾಡಿದವರ ತಟ್ಟೆ ತೊಳೆಯೋಕೆ ವಾಪಸ್ ಬರ್ತಿದೆ. ಊಟ ಸಿಗದೇ ಹೋದವರ ತಟ್ಟೆನೇ ವಾಪಸ್ ಬಂದಿಲ್ಲ. ಓ, ಅಲ್ಲೇ ಬಿಟ್ಟು ಹೋಗಿದ್ದಾರೆ ನೋಡಿ, ಈಗ ಕಾಣ್ತು!"

ಕಟ್ಟೆಯ ಆ ತುದಿಗೆ, ಕಂಬದ ಮರೆಯಲ್ಲಿ, ಖಾಲಿ ತಟ್ಟೆಗಳು ಸಾಲಾಗಿ ಕೂತಿದ್ದವು. ತಿಂದವರವಲ್ಲ. ಯಂತ್ರ ದೂಡಿದವರವು. ಯಾರೂ ಅವುಗಳನ್ನು ಎತ್ತಿಡಬೇಕೆಂದು ಯೋಚಿಸಿರಲಿಲ್ಲ.

ರೇಡಿಯೋ ಒಂದು ತಟ್ಟೆಯನ್ನು ಎತ್ತಿ ನೋಡಿದಳು. ಇಷ್ಟು ದಿನ ಅವಳು ಲೆಕ್ಕ ನೋಡಿದ್ದು ಉತ್ತರ ಸಿಕ್ಕಿದವರದು. ಉತ್ತರ ಸಿಗದೆ ಹೋದವರ ಕಡೆ ತಿರುಗಿಯೂ ನೋಡಿರಲಿಲ್ಲ. ಸೋರಿಕೆ ಎಂಬ ಪದ ಹಿಡಿದುಕೊಂಡು ಎಲ್ಲಿಂದ ಹೊರಗೆ ಹೋಗುತ್ತಿದೆಯೆಂದು ಹುಡುಕಿದ್ದಳು. ಹೊರಗೆ ಹೋಗಿರಲೇ ಇಲ್ಲ, ಒಳಗೇ ಕೂತಿತ್ತು!

"ಮೇಡಂ, ತಟ್ಟೆ ಬಂತು, ಊಟ!" ಎಂದು ಯಜಮಾನ ಕೂಗುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು. ಲಿಫ್ಟಿಗೆ ಕಾಯುವ ತಾಳ್ಮೆ ಯಾರಿಗಿತ್ತು?

ಸರ್ವರ್ ಯಾವ ಉತ್ತರಗಳನ್ನು ಬೇಡವೆಂದು ದೂಡುತ್ತಿದೆಯೆಂದು ಮೊದಲು ನೋಡಿದಳು. ಈ ಕೆಲಸದಲ್ಲಿ ಹೊರಗಿನಿಂದ ಬರುವ ಉತ್ತರದ ಜೊತೆ ಒಂದು ಸಹಿ ಇರುತ್ತದೆ, ಉತ್ತರ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು. ಸಹಿ ಹೊಂದದಿದ್ದರೆ ಉತ್ತರವನ್ನು ದೂಡಬೇಕು, ಅದು ಸರಿಯೇ. ದೂಡಿದವುಗಳಲ್ಲಿ ಎಲ್ಲೋ ದೂರದ ಒಂದು ಚಪ್ಪಲಿ ಅಂಗಡಿಯ ಹೆಸರು ಸಾವಿರ ಸಲ ಇತ್ತು. ಆ ಅಂಗಡಿಯವರ ಸಹಿ ಮೊಟಕಾಗಿತ್ತು. ಇರಬೇಕಾದದ್ದಕ್ಕಿಂತ ಒಂದು ಕೂದಲಷ್ಟು ಗಿಡ್ಡ. ಪಾಪ, ಅವರಿಗೇ ಗೊತ್ತಿರಲಿಕ್ಕಿಲ್ಲ. ಅವರ ಹೊಸ ಜಾಹೀರಾತು ಈಚೆಗೆ ಊರಿನವರ ಫೋನುಗಳಲ್ಲೆಲ್ಲ ಕೂತು, ಸರ್ವರಿನ ಬಳಿ ಆ ಹೆಸರನ್ನು ಮತ್ತೆ ಮತ್ತೆ ಕೇಳಿಸುತ್ತಿತ್ತು.

ಆ ತಣ್ಣನೆಯ ಕೋಣೆಯ ಮೇಜಿನ ಕೆಳಗಿದ್ದ ಹಳೆಯ ಯಂತ್ರವೊಂದನ್ನು ಎಳೆದು, ಧೂಳು ಕೊಡವಿ, ಅದೇ ಸಾಫ್ಟ್‌ವೇರ್ ಹಾಕಿದಳು. ತನ್ನದೇ ಒಂದು ಸುಳ್ಳು ಹೆಸರು ಹುಟ್ಟಿಸಿ ಅದಕ್ಕೆ ಸರಿಯಾದ ಸಹಿ ಕೊಟ್ಟು ಕೇಳಿದಳು. ಮೆಮೊರಿಯ ಗೆರೆ ಏರಿತು, ಇಳಿಯಿತು. ಬೇರೆ ಅಕ್ಷರಗಳ ತಪ್ಪು ಸಹಿ ಕೊಟ್ಟು ಕೇಳಿದಳು. ದೂಡಿತು. ಗೆರೆ ಏರಿತು, ಇಳಿಯಿತು. ಆಮೇಲೆ ಸಹಿಯ ಬಾಲ ಕತ್ತರಿಸಿ ಕೇಳಿದಳು. ದೂಡಿತು. ಗೆರೆ ಏರಿತು, ಇಳಿಯಲಿಲ್ಲ. ಮತ್ತೆ ಕೇಳಿದಳು. ಇನ್ನೊಂದು ಮೆಟ್ಟಿಲು ಏರಿತು. ಒಂದೇ ಸಮನೆ ಕೇಳುತ್ತಲೇ ಇರುವ ಹಾಗೆ ಮಾಡಿ ಕೈಕಟ್ಟಿ ಕೂತಳು. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಸೂರು ಮುಟ್ಟಿ, ಹಳೆಯ ಯಂತ್ರ ಸದ್ದಿಲ್ಲದೆ ನೆಲಕಚ್ಚಿತು.

"ಸಿಕ್ತು! ಸಿಕ್ತು! ಸಿಕ್ಕೇಬಿಡ್ತು!"

ಕುಣಿದಳು. ನಿಜವಾಗಿಯೂ ಕುಣಿದಳು, ಬಕೆಟ್ ಎಡವಿ ಅದು ಉರುಳಿತು. ಗಿಡ್ಡ ಸಹಿಯನ್ನು ಪರೀಕ್ಷಿಸಲು ಜಾಗ ತೆಗೆದಿಟ್ಟು, ಇದು ಗಿಡ್ಡವೆಂದು ದೂಡಿ, ತೆಗೆದಿಟ್ಟ ಜಾಗವನ್ನು ವಾಪಸ್ ಕೊಡುವುದನ್ನು ಸಾಫ್ಟ್‌ವೇರ್ ಮರೆತಿತ್ತು. ಲೋಕದ ಎಷ್ಟೋ ಊರುಗಳಲ್ಲಿ ಓಡುವ ಸಾಫ್ಟ್‌ವೇರ್! ಎಷ್ಟು ಜನರ ಕಣ್ಣು ತಪ್ಪಿಸಿಕೊಂಡದ್ದು ತನ್ನ ಕೈಗೆ ಸಿಕ್ಕಿದೆ! ಹಜಾರದವರಿಗೆಲ್ಲ ಕೇಳುವಂತೆ ಕೂಗಬೇಕೆಂದು ಬಾಗಿಲ ಹಿಡಿಗೆ ಕೈ ಹಾಕಿ, ಎದೆ ತುಂಬ ಉಸಿರು ಎಳೆದುಕೊಂಡಳು.

ಏನೆಂದು ಕೂಗುವುದು? "ಸಹಿಯ ಬಾಲ ಕತ್ತರಿಸಿ ಕೇಳ್ತಾ ಇದ್ರೆ ಸಾಕು, ಯಾರ ಸರ್ವರ್ ಬೇಕಾದ್ರೂ ಬೀಳ್ಸಬಹುದು ಕಣ್ರೋ!"

ಆ ಮಾತು ಮನಸ್ಸಿನಲ್ಲಿ ಕೇಳಿಸಿದ ಕೂಡಲೇ ಬಾಗಿಲ ಹಿಡಿಯಿಂದ ಕೈ ತೆಗೆದಳು. ಚಪ್ಪಲಿ ಅಂಗಡಿಯವರು ತಿಳಿಯದೆ ಮಾಡಿದ್ದನ್ನು ಯಾರಾದರೂ ತಿಳಿದು ಮಾಡಿದರೆ? ದೂರದಲ್ಲೆಲ್ಲೋ ಕೂತು, ಬಾಗಿಲು ಮುರಿಯದೆ, ಬೀಗ ಮುಟ್ಟದೆ, ಸುಮ್ಮನೆ ಕೇಳುತ್ತ ಕೇಳುತ್ತಲೇ ಒಂದು ಊರಿನ ಆಸ್ಪತ್ರೆಯನ್ನೋ ಬ್ಯಾಂಕನ್ನೋ ಬೀಳಿಸಬಹುದು. ಕಾಗದ ಹಿಡಿದು ಮೆಟ್ಟಿಲು ಹತ್ತುವ ಅಕ್ಕ ಕಣ್ಣಿಗೆ ಬಂದಳು. ಎಳೆದುಕೊಂಡ ಉಸಿರನ್ನು ರೇಡಿಯೋ ಹಾಗೇ ನುಂಗಿಕೊಂಡಳು. ಹೊರಗೆ ಬಂದು, ಬಾಗಿಲು ಹಾಕಿ, ನೆಟ್ಟಗೆ ಮ್ಯಾನೇಜರ್ ಕೋಣೆಗೆ ಹೋದಳು.

ಮ್ಯಾನೇಜರ್ ಪೂರ್ತಿ ಕೇಳಿದರು, ಬೆವರಿದರು. "ಸಾಫ್ಟ್‌ವೇರ್ ಮಾಡಿದವರಿಗೆ ಈಗಲೇ ಬರಿ. ಬೇರೆ ಯಾರಿಗೂ ಒಂದಕ್ಷರ ಹೇಳ್ಬೇಡ" ಎಂದವರು, ಅವಳ ಮುಖ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಯಾರ ಹತ್ರ ಹೇಳ್ತಿದ್ದೀನಿ ನಾನು!"

ಸಾಫ್ಟ್‌ವೇರಿನವರ ಉತ್ತರ ಮರುದಿನವೇ ಬಂತು. ನೀವು ಹೇಳಿದ್ದು ನಿಜ, ನಾವೂ ಮಾಡಿ ನೋಡಿದೆವು, ಇದು ಗಂಭೀರ. ಸರಿಪಡಿಸಲು, ಎಲ್ಲ ಕಡೆಯೂ ಪರೀಕ್ಷಿಸಲು ಸಮಯ ಬೇಕು. ಮದ್ದು ತಯಾರಾಗಿ ಪ್ರಕಟವಾಗುವ ದಿನದವರೆಗೆ ದಯವಿಟ್ಟು ಯಾರಿಗೂ ತಿಳಿಸಬೇಡಿ. ಅಲ್ಲಿಯವರೆಗೆ ಆ ಒಂದು ಬಗೆಯ ಸಹಿಯನ್ನು ಪರೀಕ್ಷಿಸುವುದನ್ನೇ ನಿಮ್ಮ ಸರ್ವರಿನಲ್ಲಿ ನಿಲ್ಲಿಸಿಡಿ. ಪ್ರಕಟಣೆಯಲ್ಲಿ ಕಂಡುಹಿಡಿದವರೆಂದು ನಿಮ್ಮ ಹೆಸರು ಹಾಕುತ್ತೇವೆ, ಹೇಗೆ ಬರೆಯೋಣ? ಅವಳು ಸ್ವಲ್ಪ ಯೋಚಿಸಿ, "ರೇಡಿಯೋ" ಎಂದು ಬರೆದು ಕಳಿಸಿದಳು. ಸಂಬಳದ ಚೀಟಿಯ ಹೆಸರು ಹಾಕಿದರೆ ತನ್ನ ಮನೆಯವರಿಗೇ ಗುರುತು ಹತ್ತುತ್ತಿರಲಿಲ್ಲ.

ಅವರು ಹೇಳಿದಂತೆ ಮಾಡಿದ ಗಳಿಗೆಯಿಂದ ಸರ್ವರ್ ಬೀಳುವುದು ನಿಂತಿತು. ಅವಳ ಕಷ್ಟ ಶುರುವಾಯಿತು.

"ಸೋರಿಕೆ ನಿಂತಿತಾ ಮೇಡಂ?" ಎಂದು ಸೆಕ್ಯೂರಿಟಿ ಅಣ್ಣ ಗೇಟಿನಲ್ಲೇ ಹಿಡಿದ.

"ನಿಂತಿತು."

"ಎಲ್ಲಿತ್ತು ಹಾಗಾದ್ರೆ?"

ಬಾಯಿ ತೆರೆಯಿತು. ನಾಲಿಗೆಯ ತುದಿಗೆ ಬಂದೇಬಿಟ್ಟಿತು. "ಅದು... ಅದು... ಮೋಡ ಆಗಿದೆ ಅಲ್ವಾ ಅಣ್ಣ?" ಎಂದು ಓಡಿದಳು. ಅಂದು ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ಲಿಫ್ಟಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲತೊಡಗಿದಳು. ಹುಷಾರಿಲ್ಲವೇನೋ ಎಂದು ಸಹೋದ್ಯೋಗಿಗಳು ಮಾತಾಡಿಕೊಂಡರು. ಒಬ್ಬಾಕೆ ಗಂಟಲಿಗೆ ಒಳ್ಳೆಯದೆಂದು ಒಂದು ಡಬ್ಬಿ ಮಾತ್ರೆ ತಂದುಕೊಟ್ಟಳು. ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಗೋಡೆಗೆ ಎಲ್ಲವನ್ನೂ ಹೇಳುತ್ತಿದ್ದಳು, ಆದರೆ ಗೋಡೆ "ಹೌದಾ! ಆಮೇಲೆ?" ಎನ್ನುವುದಿಲ್ಲವಲ್ಲ. ಅಷ್ಟು ದೊಡ್ಡ ಖುಷಿ ಜೀವನದಲ್ಲಿ ಆಗಿರಲಿಲ್ಲ, ಅಷ್ಟು ದಿನ ಯಾವ ಮಾತನ್ನೂ ಬಾಯಿಕಟ್ಟಿ ಇಟ್ಟುಕೊಂಡಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಖುಷಿ ನೆನಪಾಗಿ ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದಳು.

ಅವಳ ಗಂಡ ಹಲ್ಲಿನ ಸೆಟ್ ಮಾಡುವವನು. ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ, ಮನೆಯ ಮುಂದಿನ ಕೋಣೆಯಲ್ಲಿ ಕೂತು, ಕಾಣದ ಜನರ ಬಾಯಿಗೆ ಹಲ್ಲು ಜೋಡಿಸುವ ಮನುಷ್ಯ. ಹೆಂಡತಿ ಮಾತಾಡುವುದರಿಂದ ತನ್ನ ಪಾಲಿನ ಮಾತು ಉಳಿತಾಯವಾಗುತ್ತದೆಂದು ಸಂತೋಷದಿಂದಿದ್ದವನು. ಒಂದು ಭಾನುವಾರ ಅವನು ಒಳಗಿನಿಂದ ಬಂದು ನೋಡಿದರೆ, ಸುಣ್ಣದ ಬಿಳುಪಿನ ದವಡೆಗಳ ಸಾಲಿನ ಮುಂದೆ ಹೆಂಡತಿ ಸ್ಟೂಲ್ ಹಾಕಿ ಕೂತು, ಅವುಗಳಿಗೆ ಏನೋ ಹೇಳಲು ಬಾಯಿ ತೆರೆದಿದ್ದಳು.

"ಗುಟ್ಟಾ?" ಎಂದ.

ಅವಳು ತಲೆಯಾಡಿಸಿದಳು.

"ಹಾಗಾದ್ರೆ ಹಲ್ಲಿಗೂ ಹೇಳ್ಬೇಡ" ಎಂದು ಅವಳನ್ನು ಎಬ್ಬಿಸಿ, ಟೀ ಮಾಡಿಕೊಟ್ಟ. ಏನೆಂದು ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಅವಳಿಗೆ ಅವನ ಮೇಲೆ ಪ್ರೀತಿಯೂ ಬಂತು, ಸಿಟ್ಟೂ ಬಂತು.

ಇದನ್ನೆಲ್ಲ ಹೇಗೋ ದಾಟಿಕೊಂಡಳು. ದಾಟಲಾಗದೇನೋ ಎನಿಸಿದ್ದು ಅಕ್ಕ ಬಂದ ಸಂಜೆ.

ಅಕ್ಕ ಆಸ್ಪತ್ರೆಯಿಂದ ಬರುವಾಗ ಒಂದಿಷ್ಟು ಹಣ್ಣು ಕೊಟ್ಟುಹೋಗಲು ಬಂದಿದ್ದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೋಗುವವಳು ಅಂದು ಒಳಗೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿದಳು.

"ನಿಮ್ಮ ಸರ್ವರ್ ಸರಿಹೋದ ಮೇಲೆ ನಮಗೆ ಜೀವ ಬಂದ ಹಾಗಾಗಿದೆ. ವರದಿ ಕೂತಲ್ಲಿಂದಲೇ ಹೋಗ್ತಿದೆ. ನೀನೇ ಸರಿಮಾಡಿದ್ದಂತೆ?"

"ಹ್ಞೂಂ."

"ಏನಾಗಿತ್ತು ಕಣೇ ಅದಕ್ಕೆ?"

ರೇಡಿಯೋಳ ಕೈಯಲ್ಲಿದ್ದ ಹಣ್ಣು ಜಾರಿ ತೊಟ್ಟಿಗೆ ಬಿತ್ತು. ಅಕ್ಕ ಕೇಳಿದ್ದಳು. ಎಷ್ಟೋ ವರ್ಷಗಳ ಮೇಲೆ, ತರಕಾರಿಯಲ್ಲದ, ಸೆಕೆಯಲ್ಲದ ಒಂದು ಪ್ರಶ್ನೆ! ತಂಗಿಯ ಬದುಕಿನ ಬಗ್ಗೆ, ತಂಗಿ ಮಾಡಿದ ಕೆಲಸದ ಬಗ್ಗೆ! ಇದಕ್ಕಾಗಿ ಅವಳು ಏನು ಬೇಕಾದರೂ ಕೊಡಲು ತಯಾರಿದ್ದಳು. ತಟ್ಟೆಯ ವಿಷಯ ಹೇಳಿದರೆ ಅಕ್ಕ ಎಷ್ಟು ನಗುತ್ತಾಳೆ! ಅಕ್ಕ ಯಾರಿಗೆ ಹೇಳಿಯಾಳು? ಮಾತು ಕಾಯುವುದರಲ್ಲಿ ಅಕ್ಕನಂಥವರಿಲ್ಲ. ಹೇಳಿಬಿಡಬಹುದು. ಹೇಳಿಬಿಡಬೇಕು.

ಅಂದೂ ಹೀಗೇ ಅನಿಸಿತ್ತಲ್ಲ. ಅಮ್ಮ ಯಾರಿಗೆ ಹೇಳಿಯಾಳು ಎಂದು.

"ಅಕ್ಕಾ," ಎಂದಳು. ದನಿ ಅವಳದೇ ಎನಿಸಲಿಲ್ಲ. "ಏನಾಗಿತ್ತು ಅಂತ ನಂಗೆ ಗೊತ್ತು. ಆದ್ರೆ ಹೇಳಕ್ಕಾಗಲ್ಲ."

ಅಕ್ಕ ಅವಳ ಮುಖವನ್ನೇ ನೋಡಿದಳು. "ಹೇಳಕ್ಕಾಗಲ್ವಾ? ನೀನು?"

"ಈಗ ಆಗಲ್ಲ. ಯಾಕೆ ಅಂತಲೂ ಕೇಳ್ಬೇಡ."

ಅಕ್ಕನ ಮುಖದಲ್ಲಿ ತೆರೆದದ್ದೇನೋ ಮುಚ್ಚಿಕೊಂಡಿತು. "ಸರಿ ಬಿಡು. ನಂಗೇನು ಅದರಿಂದ" ಎಂದು ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಹೋದಳು. ತಾನು ಇಷ್ಟು ವರ್ಷ ಏನೂ ಹೇಳಲಿಲ್ಲವೆಂದು ತಂಗಿ ಈಗ ಅದನ್ನೇ ತಿರುಗಿಸಿಕೊಟ್ಟಳೆಂದು ಅಕ್ಕ ತಿಳಿದುಕೊಂಡಳೆಂಬುದರಲ್ಲಿ ರೇಡಿಯೋಗೆ ಅನುಮಾನವೇ ಉಳಿಯಲಿಲ್ಲ. ನಲ್ಲಿ ಬಿಟ್ಟುಕೊಂಡು ಹಣ್ಣು ತೊಳೆಯುತ್ತ ಜೋರಾಗಿ ಅತ್ತಳು.

ಆಮೇಲೆ ಅಕ್ಕ ಬರಲಿಲ್ಲ. ತರಕಾರಿಯ ಮಾತೂ ನಿಂತಿತು. ರೇಡಿಯೋ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು, ಉದ್ದಕ್ಕೆ ಎಲ್ಲವನ್ನೂ ಒತ್ತಿ, ಕಳಿಸದೆ ಅಳಿಸಿದಳು. ಒಂದು ಬೆರಳು ಸಾಕಿತ್ತು, ಅಕ್ಕ ವಾಪಸ್ ಬರುತ್ತಿದ್ದಳು. ಆದರೆ ಬರುವವಳು ಯಾವ ತಂಗಿಯ ಹತ್ತಿರ ಬರುತ್ತಿದ್ದಳು? ಮತ್ತದೇ ಬಾಯಿ ನಿಲ್ಲದವಳ ಹತ್ತಿರ. ಹಲ್ಲು ಕಚ್ಚಿಕೊಂಡು ಫೋನ್ ಮಗುಚಿ ಇಟ್ಟಳು.

ಕೊನೆಗೆ ಆ ದಿನ ಬಂತು. ಬೆಳಿಗ್ಗೆ ಮದ್ದು ಬಂತು, ಹಾಕಿದಳು. ಸಹಿಯ ಪರೀಕ್ಷೆಯನ್ನು ಮತ್ತೆ ಶುರುಮಾಡಿ, ಮೊಟಕು ಸಹಿ ಕೊಟ್ಟು ಕೇಳಿದಳು. ಗೆರೆ ಏರಿತು, ಇಳಿಯಿತು! ಸ್ವಲ್ಪ ಹೊತ್ತಿನಲ್ಲಿ ಪ್ರಕಟಣೆ ಲೋಕಕ್ಕೆಲ್ಲ ಹೋಯಿತು. ಅದರ ಕೊನೆಯಲ್ಲಿ ಕಂಡುಹಿಡಿದವರ ಹೆಸರು: ರೇಡಿಯೋ.

ಮ್ಯಾನೇಜರ್ ತಮ್ಮ ಕೋಣೆಯಿಂದ ಹೊರಬಂದು, ಎರಡೂ ಕೈ ಅಗಲಿಸಿ, "ಇನ್ನು ಮಾತಾಡಮ್ಮಾ!" ಎಂದರು.

ಮಾತಾಡಿದಳೇ? ಕಟ್ಟೆ ಒಡೆಯಿತು. ಹಜಾರದ ನಡುವೆ ಕುರ್ಚಿಯ ಮೇಲೆ ಹತ್ತಿ ಹೇಳಿದಳು. ಲಿಫ್ಟಿನಲ್ಲಿ ಮೇಲೆ ಹೋಗುತ್ತ ಒಮ್ಮೆ, ಕೆಳಗೆ ಬರುತ್ತ ಒಮ್ಮೆ ಹೇಳಿದಳು. ಕ್ಯಾಂಟೀನಿನ ಯಜಮಾನನ ಕೈ ಹಿಡಿದು ಕುಲುಕಿದಳು. ಅವನು ವಿಷಯ ಪೂರ್ತಿ ಅರ್ಥವಾಗದಿದ್ದರೂ, ತಟ್ಟೆಯಿಂದ ಆಯಿತೆಂದು ಕೇಳಿ ಎಲ್ಲರಿಗೂ ಟೀ ಕೊಟ್ಟ. ಸೆಕ್ಯೂರಿಟಿ ಅಣ್ಣನಿಗೆ ಬಕೆಟ್ ವಾಪಸ್ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದಳು. ಅವನು ಗೇಟ್ ತೆರೆಯುವುದನ್ನು ಮರೆತು ಕೇಳಿದ, ಹೊರಗೆ ಕಾರುಗಳು ಹಾರ್ನ್ ಹೊಡೆದವು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಕೈಯಲ್ಲಿದ್ದ ದವಡೆ ಕೆಳಗಿಟ್ಟು, ಅವಳನ್ನು ನೋಡಿ, "ಇಷ್ಟು ದಿನ ಹೇಗೆ ತಡ್ಕೊಂಡೆ ಮಾರಾಯ್ತಿ?" ಎಂದ. ಅವನ ಮಟ್ಟಿಗೆ ಅದು ಭಾಷಣ.

ಬಾಗಿಲು ಬಡಿದ ಸದ್ದಾಯಿತು.

ಅಕ್ಕ. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು, ಬಿಳಿ ಕೋಟು ಇನ್ನೂ ಮೈಮೇಲೇ ಇತ್ತು. ಕೈಯಲ್ಲಿ ಫೋನ್, ಅದರಲ್ಲಿ ಆ ಪ್ರಕಟಣೆ.

"ನಮ್ಮ ಕಂಪ್ಯೂಟರ್ ವಿಭಾಗದವರು ತೋರಿಸಿದ್ರು. ಹೆಸರು ನೋಡಿ ನಗ್ತಿದ್ರು, ಇದ್ಯಾವ ಹೆಸರು ಅಂತ" ಎಂದಳು. ತಾನು ನಗಲಿಲ್ಲ. "ಇದರಲ್ಲಿ ತಾರೀಕು ಹಾಕಿದ್ದಾರೆ. ನೀನು ಅವರಿಗೆ ತಿಳಿಸಿದ ದಿನ. ನಾನು ಬಂದು ಕೇಳಿದ್ನಲ್ಲ, ಅದಕ್ಕಿಂತ ಎಷ್ಟೋ ಮೊದಲೇ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

"ನಾನು ಕೇಳಿದ್ರೂ ಹೇಳಲಿಲ್ಲ."

"ಹೇಳಿದ್ರೆ ನಿಮ್ಮ ಆಸ್ಪತ್ರೆನೂ..." ಎಂದು ಶುರುಮಾಡಿದವಳು ಅದನ್ನು ಅಲ್ಲೇ ಬಿಟ್ಟಳು. "ಹೇಳ್ಬೇಕು ಅಂತ ಪ್ರಾಣ ಹೋಗ್ತಿತ್ತು ಅಕ್ಕ. ನೀನು ಕೇಳಿದ್ಯಲ್ಲ ಅಂತ. ಆದ್ರೆ ಹೇಳಲಿಲ್ಲ."

ಅಕ್ಕ ಫೋನನ್ನು ಕೋಟಿನ ಜೇಬಿಗೆ ಹಾಕಿದಳು. ಚಪ್ಪಲಿ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿಸಿದಳು. ರೇಡಿಯೋಳ ಗಂಡ ಅವಳ ಮುಖ ನೋಡಿ, ಯಾವುದೋ ಡಾಕ್ಟರಿಗೆ ಹಲ್ಲು ಕೊಟ್ಟುಬರುವುದಿದೆಯೆಂದು ಖಾಲಿ ಕೈಯಲ್ಲೇ ಹೊರಗೆ ಹೋದ.

"ಬಾಗಿಲು ಹಾಕು" ಎಂದಳು ಅಕ್ಕ. ಕುರ್ಚಿ ಎಳೆದು ಕೂತು, ತಂಗಿಯನ್ನೂ ಕೈ ಹಿಡಿದು ಎದುರಿಗೆ ಕೂರಿಸಿಕೊಂಡಳು. "ನಿಂಗೊಂದು ವಿಷ್ಯ ಹೇಳ್ಬೇಕು ಕಣೇ."

ಹೊರಗೆ ಬೀದಿದೀಪ ಹತ್ತಿತು, ಗಂಡ ಎರಡು ಸುತ್ತು ತಿರುಗಿ ಬಂದ, ಒಳಗೆ ಅಕ್ಕ ಹೇಳುತ್ತಲೇ ಇದ್ದಳು. ಒಮ್ಮೆ ಅಳುವ ಸದ್ದು ಕೇಳಿಸಿತಂತೆ, ಆಮೇಲೆ ಇಬ್ಬರೂ ನಗುವ ಸದ್ದು. ಅಕ್ಕ ಹೇಳಿದ್ದು ಏನೆಂದು ಓದುವವರಿಗೆ ಕುತೂಹಲವಿರಬಹುದು, ಬರೆಯುವವರಿಗೂ ಇದೆ. ಆದರೆ ರೇಡಿಯೋ ಅದನ್ನು ಯಾರಿಗೂ ಹೇಳಿಲ್ಲ.